ಇಂಜಿನು ಢಂ ಎಂದರೆ ಗ್ಯಾಸಿನ ತಿರುಪಿಗೆ ಕೈ ಹಾಕಬೇಡಿರಿ

(ಗೋರ್ಟಾ (ಬಿ) ಗ್ರಾಮದ ತರುಣರಿಗಾಗಿ ಮಾಡಿದ ಭಾಷಣ)



ನಮ್ಮ ಗೋರ್ಟಾ ಒಕ್ಕಲುತನದ ಊರು. ಇಲ್ಲಿ ಗೋದಾಮಿನ ಯಂತ್ರದ ಮಾತೇಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ. ಪುಣೆ–ಹೈದರಾಬಾದು ಹೆದ್ದಾರಿ ಬಸವಕಲ್ಯಾಣ ತಾಲೂಕನ್ನೂ ಹುಮನಾಬಾದನ್ನೂ ಹಾಯ್ದು ಹೋಗುತ್ತದೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವಿದೆ. ನಮ್ಮ ಹುಡುಗರು ಕೆಲಸ ಹುಡುಕುತ್ತ ಅಲ್ಲಿಗೂ, ಇನ್ನೂ ದೂರದ ಶಹರಗಳಿಗೂ ಹೋಗುತ್ತಾರೆ. ಕೆಲವರ ಕೈಗೆ ಮೂಟೆಗಳನ್ನೆತ್ತಿ ಅಟ್ಟಿ ಹಚ್ಚುವ ಫೋರ್ಕ್‌ಲಿಫ್ಟ್ ಗಾಡಿ ಬರುತ್ತದೆ. ಈ ಗಾಡಿಗಳಲ್ಲಿ ಡೀಸೆಲಿನವು, ಬ್ಯಾಟರಿಯವು, ಗ್ಯಾಸಿನವು ಎಂದು ಮೂರು ಬಗೆ. ನಾನು ಹೇಳುವುದು ಪ್ರೊಪೇನ್ ಅಥವಾ ಎಲ್‌ಪಿಜಿ ಗ್ಯಾಸಿನಿಂದ ನಡೆಯುವ ಗಾಡಿಯ ವಿಷಯ. ಗ್ಯಾಸಿನ ಆಟೋ ಓಡಿಸುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ತೊಗರಿಯ ಸುಗ್ಗಿಯಲ್ಲಿ ಒಂದು ಗೋದಾಮಿನಲ್ಲಿ ಇಂಥ ಗಾಡಿ ಭಾರ ಎತ್ತುವಾಗಲೆಲ್ಲ ಢಂ ಢಂ ಎನ್ನುತ್ತಿತ್ತು. ನಾನು ತಿರುಪು ತಿರುಗಿಸಿ ಗ್ಯಾಸು ಹೆಚ್ಚಿಸಿದೆ. ಸದ್ದು ನಿಂತಿತು, ಎಲ್ಲರೂ ಶಹಭಾಸ್ ಎಂದರು. ಸಂಜೆಯ ಹೊತ್ತಿಗೆ ಇಬ್ಬರು ಹಮಾಲರು ತಲೆನೋವು, ವಾಕರಿಕೆ ಎಂದು ಕುಸಿದು ಕುಳಿತರು. ಬಾಗಿಲುಗಳು ಅರ್ಧ ಮುಚ್ಚಿದ್ದವು. ಹೊರಗಿನ ಗಾಳಿಗೆ ಕರೆತಂದ ಮೇಲೆ ಚೇತರಿಸಿಕೊಂಡರು. ಗ್ಯಾಸು ಹೆಚ್ಚಾಗಿ ಗಾಳಿ ಸಾಲದಾದರೆ ಉರಿ ಪೂರ್ಣವಾಗುವುದಿಲ್ಲ. ಆಗ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಬಹಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕಟ್ಟಡದಲ್ಲಿ ಅದು ಜೀವವನ್ನೇ ತೆಗೆದೀತು. ಗಾಡಿಯ ದೋಷವಾದರೋ ಸೀಳಿದ ಒಂದು ಸ್ಪಾರ್ಕ್ ತಂತಿಯಲ್ಲಿತ್ತು!

ಆದುದರಿಂದ ಸದ್ದನ್ನು ಅಡಗಿಸುವುದು ದುರಸ್ತಿಯಲ್ಲ. ಕಾರಣವನ್ನು ಹುಡುಕುವುದೇ ದುರಸ್ತಿ. ಹುಡುಕುವುದಕ್ಕೂ ಒಂದು ಕ್ರಮವಿದೆ.

ಮೊದಲನೆಯದಾಗಿ, ಕಿವಿಗೊಟ್ಟು ಕೇಳಿರಿ. ಸದ್ದು ಗಾಳಿಯ ಜಾಲರಿಯ ಕಡೆಯಿಂದ ಬರುತ್ತದೆಯೋ, ಸೈಲೆನ್ಸರಿನಿಂದ ಬರುತ್ತದೆಯೋ? ಸಿಲಿಂಡರಿನ ಕವಾಟಗಳು ಮುಚ್ಚಿರುವಾಗ ಒಳಗೇ ಉರಿಯಬೇಕಾದ ಬೆಂಕಿ ಗ್ಯಾಸು ಬರುವ ದಾರಿಗೆ ಹಿಂದಿರುಗಿ ಹಾರಿದರೆ ಅದು ಬ್ಯಾಕ್‌ಫೈರ್. ಗ್ಯಾಸಿನ ಗಾಡಿಯಲ್ಲಿ ಆ ದಾರಿಯ ತುಂಬ ಗ್ಯಾಸು ಗಾಳಿ ಬೆರೆತು ಸಿದ್ಧವಾಗಿರುವುದರಿಂದ ಹೊಡೆತ ಜೋರು; ಮಿಕ್ಸರಿನ ಪೊರೆ ಹರಿಯುವುದುಂಟು. ಸದ್ದು ಸೈಲೆನ್ಸರಿನಲ್ಲಿ ಆದರೆ, ಉರಿಯದೆ ಹೊರಬಿದ್ದ ಗ್ಯಾಸು ಕಾದ ಕೊಳವೆಯಲ್ಲಿ ಹೊತ್ತಿಕೊಂಡಿದೆ ಎಂದು ತಿಳಿಯಿರಿ. ಇಂಜಿನು ತಣ್ಣಗಿರುವಾಗಲೋ ಕಾದ ಮೇಲೋ, ಖಾಲಿ ಇರುವಾಗಲೋ ಭಾರ ಎತ್ತುವಾಗಲೋ ಎಂಬುದನ್ನೂ ಗುರುತಿಟ್ಟುಕೊಳ್ಳಿರಿ.

ಎರಡನೆಯದಾಗಿ, ಕಿಡಿಯನ್ನು ನೋಡಿರಿ. ಗ್ಯಾಸನ್ನು ಹೊತ್ತಿಸಲು ಪೆಟ್ರೋಲಿಗಿಂತ ಬಲವಾದ ಕಿಡಿ ಬೇಕು. ಪ್ಲಗ್ಗು ಸವೆದಿದ್ದರೆ, ತಂತಿ ಸೀಳಿದ್ದರೆ, ಡಿಸ್ಟ್ರಿಬ್ಯೂಟರ್ ಮುಚ್ಚಳ ಬಿರಿದಿದ್ದರೆ ಕಿಡಿ ತಪ್ಪುತ್ತದೆ, ಇಲ್ಲವೇ ಬೇರೆ ಸಿಲಿಂಡರಿಗೆ ಹಾರುತ್ತದೆ. ತಂತಿಗಳು ಅದಲು ಬದಲಾಗಿದ್ದರೂ ಹೀಗೆಯೇ. ನಾಲ್ಕು ಸಿಲಿಂಡರಿನ ಅನೇಕ ಇಂಜಿನುಗಳಲ್ಲಿ ಕಿಡಿಯ ಸರದಿ 1-3-4-2. ನಿಮ್ಮ ಗಾಡಿಯದನ್ನು ಅದರ ಪುಸ್ತಕದಲ್ಲಿ ನೋಡಿಕೊಳ್ಳಿರಿ. ಕಿಡಿಯ ಹೊತ್ತನ್ನೂ ಅಳೆಸಿ ನೋಡಿರಿ.

ಮೂರನೆಯದಾಗಿ, ಗಾಳಿ ಮತ್ತು ಗ್ಯಾಸಿನ ಪ್ರಮಾಣ. ಒಂದು ತೂಕ ಪ್ರೊಪೇನ್ ಪೂರ್ಣವಾಗಿ ಉರಿಯಲು ಸುಮಾರು 15.6 ತೂಕ ಗಾಳಿ ಬೇಕು. ಗ್ಯಾಸು ಕಡಿಮೆಯಾದರೆ ಉರಿ ನಿಧಾನವಾಗುತ್ತದೆ. ಮುಂದಿನ ಸರದಿಗೆ ಕವಾಟ ತೆರೆದಾಗಲೂ ಒಳಗೆ ಬೆಂಕಿ ಉಳಿದಿರುತ್ತದೆ. ಅದೇ ಹಿಂದಕ್ಕೆ ಹಾರುತ್ತದೆ. ಗ್ಯಾಸು ಏಕೆ ಕಡಿಮೆಯಾಯಿತು? ಗ್ಯಾಸಿನ ಜಾಲರಿ ಕಟ್ಟಿರಬಹುದು. ರಬ್ಬರ್ ಕೊಳವೆ ಬಿರಿದು ಹೆಚ್ಚಿನ ಗಾಳಿ ಸೇರುತ್ತಿರಬಹುದು. ದ್ರವವನ್ನು ಆವಿ ಮಾಡುವ ವೇಪೊರೈಸರಿಗೆ ರೇಡಿಯೇಟರಿನ ಬಿಸಿನೀರು ತಲುಪದೆ ಇರಬಹುದು. ಅದರ ಮೈಮೇಲೆ ಹಿಮ ಕಟ್ಟಿದ್ದರೆ ಗ್ಯಾಸನ್ನು ಬಯ್ಯಬೇಡಿರಿ, ನೀರನ್ನು ನೋಡಿರಿ. ಅದೂ ಇಂಜಿನು ತಣಿದ ಮೇಲೆ.

ನಾಲ್ಕನೆಯದಾಗಿ, ಕವಾಟಗಳು. ಗ್ಯಾಸು ಒಣ ಇಂಧನ. ಕವಾಟ ಕೂಡುವ ಪೀಠ ಬರಬರುತ್ತ ಸವೆದು ಕವಾಟ ಒಳಸರಿಯುತ್ತದೆ, ಬಿಡಬೇಕಾದ ಸಂದು ಇಲ್ಲದಾಗುತ್ತದೆ. ಇಂಜಿನು ಕಾದಾಗ ಅದು ಪೂರ್ತಿ ಮುಚ್ಚದೆ ಬೆಂಕಿ ನುಸುಳುತ್ತದೆ. ತಣ್ಣಗಿದ್ದಾಗ ಸುಮ್ಮನಿದ್ದು ಕಾದ ಮೇಲೆ ಬಡಿಯುವ ಇಂಜಿನಿನಲ್ಲಿ ಈ ಸಂದನ್ನು ಮರೆಯದೆ ಅಳೆಸಿರಿ.

ಇಷ್ಟೆಲ್ಲ ನೋಡಿದ ಬಳಿಕವೇ ಗ್ಯಾಸಿನ ತಿರುಪು. ಅದನ್ನೂ ಹೊಗೆ ಅಳೆಯುವ ಯಂತ್ರವುಳ್ಳ, ಕಲಿತ ಮಿಸ್ತ್ರಿಯಿಂದಲೇ ತಿರುಗಿಸಿಸತಕ್ಕದ್ದು.

ಕೆಲಸ ಮಾಡುವಾಗ ಕೆಲವು ಎಚ್ಚರಿಕೆಗಳು. ಗಾಡಿಯನ್ನು ಬಯಲಿಗೆ ತನ್ನಿರಿ. ಸಿಲಿಂಡರಿನ ಕವಾಟ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸು ತೀರಿ ಇಂಜಿನು ತಾನಾಗಿ ನಿಲ್ಲುವವರೆಗೆ ಬಿಡಿರಿ, ಅನಂತರ ಬಿಚ್ಚಿರಿ. ಈ ಗ್ಯಾಸು ಗಾಳಿಗಿಂತ ಭಾರ. ತಗ್ಗಿನಲ್ಲಿ, ಚರಂಡಿಯಲ್ಲಿ ಮಡುಗಟ್ಟುತ್ತದೆ. ಸೋರಿಕೆಯನ್ನು ಸಾಬೂನು ನೀರಿನಿಂದ ನೋಡಿರಿ, ಕಡ್ಡಿ ಗೀರಲೇಕೂಡದು. ಮನೆಯ ಅಡಿಗೆಯ 14.2 ಕಿಲೋ ಸಿಲಿಂಡರನ್ನು ಗಾಡಿಗೆ ಜೋಡಿಸುವುದು ಕಾನೂನಿಗೆ ವಿರುದ್ಧ, ಅಪಾಯವೂ ಹೌದು. ಅದು ನಿಂತು ಆವಿಯನ್ನು ಕೊಡುವಂಥದು. ಇಂಥ ಗಾಡಿಯ ಸಿಲಿಂಡರು ಮಲಗಿ ದ್ರವವನ್ನು ಕೊಡುವಂಥದು.

ಕೊನೆಯದಾಗಿ ಒಂದು ಮಾತು. ಮಾಲಿಕರು ಅವಸರ ಮಾಡುತ್ತಾರೆ, ಲಾರಿ ಕಾದು ನಿಂತಿರುತ್ತದೆ, ತಿರುಪು ಕೈಗೆಟುಕುವಂತಿರುತ್ತದೆ. ಆಗ ಆ ಗೋದಾಮಿನಲ್ಲಿ ಉಸಿರಾಡುತ್ತಿರುವ ಹಮಾಲರನ್ನು ನೆನೆಯಿರಿ. ಅವರಲ್ಲಿ ಒಬ್ಬ ನಿಮ್ಮ ಓಣಿಯವನೇ ಇದ್ದಾನು. “ತಾಳಿದವನು ಬಾಳಿಯಾನು” ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಗಾಡಿ ನಿಲ್ಲಿಸಿರಿ, ಬಾಗಿಲು ತೆರೆಯಿರಿ, ಕಾರಣ ಹುಡುಕಿರಿ. ಕಲಿತದ್ದನ್ನು ಜೊತೆಯವನಿಗೂ ಕಲಿಸಿರಿ.