ಅಟ್ಟದ ಮೇಲಿನ ಕೋವಿ: ಮಾರುವ ಮುನ್ನ ಒಂದಿಷ್ಟು ಮಾತು

(ಓದುಗರ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಪಾಲು ಹಂಚಿಕೆ ನಡೆಯುವಾಗ ಗದ್ದೆ, ತೋಟ, ಚಿನ್ನ, ಹಂಡೆ ಎಲ್ಲವೂ ಹೇಗೋ ಇತ್ಯರ್ಥವಾಗುತ್ತವೆ. ಕೊನೆಗೆ ಗೋಡೆಗೆ ಒರಗಿಸಿದ ಒಂದು ಕೋವಿ ಉಳಿದುಬಿಡುತ್ತದೆ. ಊರಿನಲ್ಲಿರುವ ಮಗನಿಗೆ ಅದರ ಜವಾಬ್ದಾರಿ ಬೇಡ. ಬೆಂಗಳೂರಿನಲ್ಲಿರುವ ಮಗಳಿಗೆ ಅದನ್ನು ಇಡಲು ಜಾಗವಿಲ್ಲ. ‘ಮಾರಿಬಿಡೋಣ’ ಎನ್ನುತ್ತಾರೆ. ಆದರೆ ಯಾರಿಗೆ, ಹೇಗೆ, ಎಷ್ಟಕ್ಕೆ? ಇಂದಿನ ನನ್ನ ಮಾತು ಈ ಮೂರು ಪ್ರಶ್ನೆಗಳ ಸುತ್ತ.

ಮೊದಲು ಕೈಯಲ್ಲಿರುವುದು ಏನೆಂದು ತಿಳಿಯಬೇಕು. ಕೋವಿಯ ಇತಿಹಾಸವೆಂದರೆ ಮದ್ದಿಗೆ ಬೆಂಕಿ ತಗುಲಿಸುವ ಉಪಾಯದ ಇತಿಹಾಸ. ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸುತ್ತಿದ್ದ ಬತ್ತಿಕೋವಿ ಎಲ್ಲಕ್ಕಿಂತ ಹಳೆಯದು. ಆನಂತರ ಉಕ್ಕಿಗೆ ಕಲ್ಲು ಬಡಿದು ಕಿಡಿ ಹಾರಿಸುವ ಚಕಮಕಿ ಕೋವಿ ಬಂತು. ಹೈದರ್, ಟಿಪ್ಪು ಕಾಲದ ಸೈನಿಕರ ಕೈಯಲ್ಲಿದ್ದುದು ಹೆಚ್ಚಾಗಿ ಇಂಥದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಕೋವಿ ಬಂತು. ಅದೇ ಶತಮಾನದ ಉತ್ತರಾರ್ಧದಲ್ಲಿ, ಹಿಂಬದಿಯಿಂದ ತೋಟಾ ತುಂಬುವ ಕೋವಿ ಅದನ್ನು ಹಿಂದಿಕ್ಕಿತು. ನಮ್ಮ ಅಟ್ಟಗಳಲ್ಲಿ ಸಿಗುವುದು ಬಹುಪಾಲು ಕೇಪಿನ ನಾಡಕೋವಿ ಅಥವಾ ಜೋಡಿ ನಳಿಗೆಯ ತೋಟಾ ಕೋವಿ. ನಳಿಗೆಯ ಮೇಲೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮುದ್ರೆ, ಕುದುರೆಯ ಪಕ್ಕದ ತಗಡಿನ ಮೇಲೆ ತಯಾರಕರ ಹೆಸರು ಇರಬಹುದು. ವೆಸ್ಲಿ ರಿಚರ್ಡ್ಸ್, ಗ್ರೀನರ್, ಕಲ್ಕತ್ತಾದ ಮ್ಯಾಂಟನ್, ರಾಡ್ಡಾ ಇಂಥ ಹೆಸರುಗಳು ಬೆಲೆಯನ್ನೇ ಬದಲಿಸಬಲ್ಲವು.

ಇಲ್ಲಿ ಎರಡು ಎಚ್ಚರಿಕೆಗಳುಂಟು. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಲ್ಲಿ ಎಂದೋ ತುಂಬಿದ ಈಡು ಹಾಗೆಯೇ ಉಳಿದಿರಬಹುದು. ಕರಿಮದ್ದು ವರ್ಷಗಳ ನಂತರವೂ ಸಿಡಿಯಬಲ್ಲದು. ಆದ್ದರಿಂದ ಕುದುರೆ ಎಳೆದು ನೋಡುವ ಚಪಲ ಬೇಡ; ತಿಳಿದವರಿಂದಲೇ ಪರೀಕ್ಷೆ ಮಾಡಿಸಿ. ಎರಡನೆಯದು, ಮರಳು ಕಾಗದ ಹಾಕಿ ಉಜ್ಜಿ ಫಳಫಳ ಹೊಳೆಯಿಸಬೇಡಿ. ಸಂಗ್ರಾಹಕರು ಹಣ ಕೊಡುವುದು ಕಾಲ ಕೂರಿಸಿದ ಆ ಕಂದು ಬಣ್ಣಕ್ಕೆ, ಅಳಿಸದೆ ಉಳಿದ ಕೆತ್ತನೆಗೆ. ಉಜ್ಜಿದರೆ ಇತಿಹಾಸವೂ ಹೋಯಿತು, ಬೆಲೆಯೂ ಹೋಯಿತು.

ಇನ್ನು ಕಾನೂನಿನ ಮಾತು. ‘ಇದು ಅಜ್ಜನ ಕಾಲದ್ದು, ಇದಕ್ಕೆಂಥ ಲೈಸೆನ್ಸು?’ ಎನ್ನುವವರಿದ್ದಾರೆ. 1959ರ ಆಯುಧ ಕಾಯ್ದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಟ್ಟಿರುವುದು ನಿಜ. ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅದರಿಂದ ಗುಂಡು ಹಾರಿಸಲು ಬರಬಾರದೆಂಬ ಷರತ್ತು ಅಲ್ಲಿದೆ. ಈಡು ಹೊಡೆಯಬಲ್ಲ ನಾಡಕೋವಿ ಎಷ್ಟೇ ಹಳೆಯದಾದರೂ ಕಾನೂನಿನ ಕಣ್ಣಿಗೆ ಕೋವಿಯೇ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸೆರೆವಾಸ. ಅದೇ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದ ಕೋವಿಯೂ ಆ ಲೆಕ್ಕದೊಳಗೇ ಬರುತ್ತದೆ.

ಹಾಗಾದರೆ ಲೈಸೆನ್ಸುದಾರರು ತೀರಿಕೊಂಡಾಗ ಮನೆಯವರು ಮಾಡಬೇಕಾದುದೇನು? ತಡಮಾಡದೆ ಕೋವಿಯನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಇಲ್ಲವೇ ಲೈಸೆನ್ಸು ಪಡೆದ ಆಯುಧ ವ್ಯಾಪಾರಿಯ ಬಳಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ಠಾಣೆಗೆ ಕೊಟ್ಟರೆ ಕೋವಿ ಹೋದಂತೆಯೇ ಎಂಬ ಭಯ ಹಲವರಲ್ಲಿದೆ. ಈ ಭಯಕ್ಕೇ ಎಷ್ಟೋ ಕೋವಿಗಳು ಅಟ್ಟ ಸೇರುತ್ತವೆ. ವಾಸ್ತವ ಬೇರೆ. ಠೇವಣಿ ಇಟ್ಟ ಕೋವಿಯನ್ನು ಅರ್ಹರಾದವರಿಗೆ ಮಾರಿಸಿ ಆ ಹಣ ಪಡೆಯುವ ಹಕ್ಕನ್ನು ಕಾಯ್ದೆಯ 21ನೆಯ ಕಲಮೇ ವಾರಸುದಾರರಿಗೆ ಕೊಟ್ಟಿದೆ. ಆದರೆ ಗೊತ್ತುಪಡಿಸಿದ ಅವಧಿಯೊಳಗೆ ವಿಲೇವಾರಿ ಮಾಡದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಅಂದರೆ ನಷ್ಟ ತರುವುದು ಠೇವಣಿಯಲ್ಲ, ಮರೆವು. ಹಿರಿಯರು ಬದುಕಿರುವಾಗಲೇ ವ್ಯವಸ್ಥೆ ಮಾಡುವುದಿದ್ದರೆ ಅದಕ್ಕೂ ದಾರಿಯಿದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿ ಹೊಂದಿದ್ದರೆ, ವಾರಸುದಾರರ ಹೆಸರಿಗೆ ಲೈಸೆನ್ಸು ಕೊಡಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ.

ಮಾರುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಲೈಸೆನ್ಸು ಪಡೆದ ವ್ಯಾಪಾರಿ. ಆತ ತನ್ನ ಲಾಭ ಹಿಡಿದುಕೊಂಡೇ ಬೆಲೆ ಹೇಳುತ್ತಾನೆ. ಆದರೆ ಕಾಗದಪತ್ರ ಚೊಕ್ಕವಾಗಿರುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಎರಡನೆಯದು ಲೈಸೆನ್ಸು ಇರುವ ಖಾಸಗಿ ವ್ಯಕ್ತಿಗೆ ನೇರ ಮಾರಾಟ. ಇದರಲ್ಲಿ ಬೆಲೆ ಹೆಚ್ಚು ಸಿಗಬಹುದು. ಆದರೆ ನಿಮ್ಮ ಸ್ವಾಧೀನ ಮೊದಲು ಕಾನೂನುಬದ್ಧವಾಗಿರಬೇಕು. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು, ವಿಳಾಸವನ್ನೂ ಜಿಲ್ಲಾಧಿಕಾರಿಗೆ ಅಥವಾ ಠಾಣಾಧಿಕಾರಿಗೆ ಬರೆದು ತಿಳಿಸಿ 45 ದಿನ ಕಳೆದ ನಂತರವೇ ಕೋವಿ ಕೈ ಬದಲಿಸಬೇಕು. ಯಾವ ದಾರಿ ಹಿಡಿದರೂ ಉಳಿದ ವಾರಸುದಾರರ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯುವುದು ಕ್ಷೇಮ. ಇಬ್ಬರು ಮೂವರು ವ್ಯಾಪಾರಿಗಳ ಬೆಲೆ ಕೇಳದೆ ಒಪ್ಪಂದಕ್ಕೆ ಬರಬೇಡಿ.

ಕೊಡಗಿನ ಸ್ಥಿತಿ ಸ್ವಲ್ಪ ಬೇರೆ. 1861ರಲ್ಲಿ ಬ್ರಿಟಿಷರು ಕೊಡವರಿಗೆ ಕೋವಿಯ ವಿಚಾರದಲ್ಲಿ ವಿನಾಯಿತಿ ಕೊಟ್ಟರು. ಸ್ವತಂತ್ರ ಭಾರತವೂ ಅದನ್ನು ಉಳಿಸಿಕೊಂಡಿತು. 2019ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೈಲ್ ಮುಹೂರ್ತದ ದಿನ ತೋಕ್ ಪೂ ಮುಡಿಸಿ ಪೂಜಿಸುವ ಕೋವಿಗೆ ಐನ್‌ಮನೆಯಲ್ಲಿ ಒಂದು ಸ್ಥಾನವಿದೆ. ಆದರೆ ವಿನಾಯಿತಿ ಇರುವುದು ಆ ಜನರಿಗೆ, ಕೋವಿಗಲ್ಲ. ಅದನ್ನು ಕೊಳ್ಳುವ ಹೊರಗಿನವರಿಗೆ ಲೈಸೆನ್ಸು ಬೇಕೇ ಬೇಕು.

ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಅನ್ವಯಿಸುತ್ತದೆ. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ‘ಲಂಡನ್ನಿನಲ್ಲಿ ಲಕ್ಷಾಂತರ ಸಿಗುತ್ತದೆ’ ಎಂದು ಯಾರಾದರೂ ಆಸೆ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ.

ಲಂಡನ್ನಿನ ಮಾತು ಬಂತು. 2019ರ ಮಾರ್ಚಿನಲ್ಲಿ ಇಂಗ್ಲೆಂಡಿನ ಬರ್ಕ್‌ಷೈರಿನ ಕುಟುಂಬವೊಂದು ಅಟ್ಟದಲ್ಲಿದ್ದ ಪಿತ್ರಾರ್ಜಿತ ವಸ್ತುಗಳನ್ನು ಹರಾಜಿಗಿಟ್ಟಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಒಯ್ದ ಟಿಪ್ಪುವಿನ ವಸ್ತುಗಳವು. ಬೆಳ್ಳಿ ಕೆಲಸದ ಚಕಮಕಿ ಕೋವಿಯೊಂದೇ 60,000 ಪೌಂಡಿಗೆ ಹೋಯಿತು. ಅವನ್ನು ಹಿಂತಿರುಗಿಸಬೇಕೆಂದು ಭಾರತದಿಂದ ಕೂಗು ಎದ್ದರೂ ಹರಾಜು ನಿಲ್ಲಲಿಲ್ಲ. ಆ ಬೆಲೆ ಬಂದದ್ದು ಕಬ್ಬಿಣಕ್ಕಲ್ಲ, ಅದು ಯಾರದು, ಎಲ್ಲಿಂದ ಬಂತು ಎಂಬ ಸಂಗತಿಗೆ. ನಮ್ಮ ಮನೆಯ ಕೋವಿಗೂ ಅಂಥದೊಂದು ಸಂಗತಿ ಇರಬಹುದು. ಹಳೆಯ ಲೈಸೆನ್ಸು ಪುಸ್ತಕ, ಖರೀದಿ ರಸೀದಿ, ಅಜ್ಜ ಕೋವಿ ಹಿಡಿದು ನಿಂತ ಫೋಟೋ ಇವನ್ನೆಲ್ಲ ಕೋವಿಯ ಜೊತೆಗೇ ಜೋಪಾನ ಮಾಡಿ. ನಿಜಕ್ಕೂ ಅಪರೂಪದ್ದಾದರೆ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮೊದಲು ತಿಳಿಸಿ.

ಹೀಗಾಗಿ ಒಳ್ಳೆಯ ಮಾರಾಟವೆಂದರೆ ಹೆಚ್ಚು ಹಣ ತರುವ ಮಾರಾಟವಷ್ಟೇ ಅಲ್ಲ. ಕೋವಿ ಮುಂದೆ ಯಾರ ಕೈ ಸೇರಿತೆಂಬುದು ದಾಖಲೆಯಲ್ಲಿರಬೇಕು. ದಾಖಲೆಯಿಲ್ಲದೆ ಕೈ ಬದಲಿಸಿದ ಕೋವಿ ನಾಳೆ ಬೇಟೆಯಲ್ಲೋ ಜಗಳದಲ್ಲೋ ಸಿಡಿದರೆ, ಪೊಲೀಸರು ಅದರ ಜಾಡು ಹಿಡಿದು ಮೊದಲು ಬರುವುದು ಅಜ್ಜನ ಮನೆಗೇ. ಅಟ್ಟದ ಮೇಲೆ ಕೋವಿ ಇದ್ದವರು ನಾಳೆಯೇ ಅದರ ಕಾಗದಪತ್ರ ಹುಡುಕಲು ತೊಡಗಲಿ.