ಜೋಳದ ಹುಳಿ



ನನ್ನ ಊರು ಆಳಂದ ತಾಲ್ಲೂಕಿನ ನರೋಣಾ. ಎರೆಹೊಲದ ಸೀಮೆ, ಜೋಳ, ತೊಗರಿಗಳನ್ನು ನಂಬಿದ ಬದುಕು. ನಮ್ಮ ಮನೆಯಲ್ಲಿ ಕುಡಿತದ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ದೊಡ್ಡಪ್ಪನ ಹೊಲವೆಲ್ಲ ಸಾರಾಯಿಯ ಪಾಲಾಗಿತ್ತು. ಅವನು ಅದನ್ನು ಕಣ್ಣು ಮುಚ್ಚಿ ನುಂಗುತ್ತಿದ್ದ. ರುಚಿ ತಿಳಿಯಬಾರದೆಂದು ಒಡನೆಯೇ ಉಪ್ಪು ನೆಕ್ಕುತ್ತಿದ್ದ. 2007ರಲ್ಲಿ ಸರಕಾರವು ಸಾರಾಯಿಯನ್ನು ನಿಷೇಧಿಸಿದಾಗ ದೊಡ್ಡಮ್ಮ, “ತಡವಾಯಿತು” ಎಂದಷ್ಟೇ ನುಡಿದಳು.

ಇಂಥ ಮನೆಯವನು ಬಿಯರಿನ ರುಚಿಯನ್ನು ಕುರಿತು ಮಾತನಾಡಲು ಹೊರಟಿರುವುದು ವಿಚಿತ್ರವೇ ಸರಿ. ಆದರೆ ಕುಡಿಯುವುದು ಬೇರೆ, ರುಚಿ ನೋಡುವುದು ಬೇರೆ ಎಂಬುದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆ.

ತಾವೇ ಬಿಯರು ತಯಾರಿಸಿ ಅಲ್ಲಿಯೇ ಬಡಿಸುವ ಮನೆಗಳು ಈಗ ಬೆಂಗಳೂರಿನಲ್ಲಿ ಹಲವಾರಿವೆ. ಅಂಥದೊಂದಕ್ಕೆ ಮಗ ನನ್ನನ್ನು ಒತ್ತಾಯದಿಂದ ಕರೆದೊಯ್ದ. ಹಲಗೆಯೊಂದರ ಮೇಲೆ ನಾಲ್ಕು ಪುಟ್ಟ ಲೋಟಗಳು ಬಂದವು. “ಮೊದಲು ಬಣ್ಣ ನೋಡಿ, ಅನಂತರ ಮೂಸಿ, ಆಮೇಲೆ ಒಂದೇ ಗುಟುಕು” ಎಂದ.

ಮೊದಲನೆಯದು ಹೊಂಬಣ್ಣದ ಪಿಲ್ಸ್‌ನರ್. ಬೊಹೀಮಿಯಾದ ಪಿಲ್ಸೆನ್ ನಗರದಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಎಂಬವನು ಇದನ್ನು ಮೊದಲು ತಯಾರಿಸಿದ. ಆ ಊರಿನ ಮೆದು ನೀರು ಅದರ ನಯಕ್ಕೊಂದು ಕಾರಣ. ಎರಡನೆಯದು ಬವೇರಿಯಾ ಮಾದರಿಯ ಗೋಧಿ ಬಿಯರು. ಅದರಲ್ಲಿ ಬಾಳೆಹಣ್ಣು, ಲವಂಗಗಳ ಪರಿಮಳ; ಅವುಗಳನ್ನು ಯಾರೂ ಹಾಕಿರುವುದಿಲ್ಲ, ಅದು ಯೀಸ್ಟಿನ ಕೊಡುಗೆ. ಮೂರನೆಯದು ಸ್ಟೌಟ್: ಹುರಿದ ಬಾರ್ಲಿಯ ಕಪ್ಪು, ಕಾಫಿಯ ಕಹಿ. ನಾಲ್ಕನೆಯದು ಹುಳಿ ಬಿಯರು. ಈ ಬಗೆಯಲ್ಲಿ ಹೆಸರಾದದ್ದು ಬ್ರಸೆಲ್ಸ್ ಸುತ್ತಲಿನ ಲ್ಯಾಂಬಿಕ್. ಅಲ್ಲಿ ಕುದಿಸಿದ ಧಾನ್ಯರಸವನ್ನು ಅಗಲವಾದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯ ಜೀವಾಣುಗಳೇ ಬಂದು ಅದನ್ನು ಹುದುಗಿಸುತ್ತವೆ.

ಆ ಹುಳಿ ನಾಲಿಗೆಗೆ ತಗುಲಿದೊಡನೆ ನನಗೆ ನೆನಪಾದದ್ದು ಅವ್ವನ ಅಂಬಲಿಯ ಗಡಿಗೆ. ಜೋಳದ ಹಿಟ್ಟನ್ನು ಕಲಸಿ ಅವಳು ರಾತ್ರಿಯಿಡೀ ಹುಳಿಯಲು ಬಿಡುತ್ತಿದ್ದಳು. ಮುಂಜಾನೆ ಬೆರಳದ್ದಿ ನಾಲಿಗೆಗಿಟ್ಟು, ಎಳೆ ಹುಳಿಯೋ, ಹದ ಬಂದಿತೋ, ಮೀರಿತೋ ಎಂದು ನಿರ್ಣಯಿಸುತ್ತಿದ್ದಳು. ಮಗ ಹಣ ತೆತ್ತು ಕಲಿಸಿದ ವಿದ್ಯೆ ನಮ್ಮ ಅಡುಗೆಮನೆಯಲ್ಲಿ ಮೊದಲೇ ಇತ್ತು.

ಜೋಳದ ತವರು ಆಫ್ರಿಕ. ಅಲ್ಲಿ ಅದನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಕುದಿಸಿ ಬಿಯರನ್ನೇ ಮಾಡುತ್ತಾರೆ. ಬುರ್ಕಿನಾ ಫಾಸೊದಲ್ಲಿ ಅದರ ಹೆಸರು ದೋಲೊ, ತಯಾರಿಸುವವರು ಹೆಂಗಸರು. ಅದೇ ಕಾಳು ನಮ್ಮಲ್ಲಿ ರೊಟ್ಟಿಯಾಯಿತು, ಅಂಬಲಿಯಾಯಿತು.

ಹಾಗೆಂದು ನಮ್ಮ ಸೀಮೆಗೆ ಹೆಂಡ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಹೆಂಡ ಮಾರುವವನೂ ಅರಿವಿನ ಮಾತನಾಡಬಲ್ಲನೆಂದು ಆ ಕಾಲ ಒಪ್ಪಿತ್ತು. ದೊಡ್ಡಪ್ಪನಿಗೆ ಇಲ್ಲವಾದದ್ದು ಆ ಅರಿವೇ. ಅವನು ಬಯಸಿದ್ದು ಮರೆವನ್ನು, ರುಚಿಯನ್ನಲ್ಲ.

ಊರಿಗೆ ಮರಳಿದಾಗ ಇದನ್ನು ದೊಡ್ಡಮ್ಮನಿಗೆ ಮುಚ್ಚಿಡಲು ಮನಸ್ಸಾಗಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅದರ ರುಚಿ ಹ್ಯಾಂಗಿತ್ತು?” ಎಂದು ಕೇಳಿದಳು. “ಅಂಬಲಿಯ ಹಾಗೆ” ಎಂದೆ.

“ಹಂಗಾದ್ರ ಅಂಬಲೀನೇ ಕುಡಿಯಪ್ಪ. ಅದಕ್ಕ ಹೊಲ ಮಾರೂದು ಬ್ಯಾಡ.”