ಹಿತ್ತಲಿನ ಸೇಬು: ನಾವು ಕಂಡದ್ದು, ಕಳೆದುಕೊಂಡದ್ದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳಗ್ಗೆಯಿಂದ ಅಡಿಕೆಯ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನಮಗೆ ಕೊಟ್ಟ ವಿಷಯ ಸೇಬು. ಹೆಸರು ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕದ್ದು ನಮಗೆ ಕಾಣಿಸಿತು. ನಗಲಿ, ಬೇಜಾರಿಲ್ಲ. ಕಳೆದ ಮಹಾಸಭೆಯಲ್ಲಿ ಇಬ್ಬರು ಸದಸ್ಯರು ಎದ್ದು, ಸೇಬಿನ ಗಿಡ ಹಾಕಲು ಸಂಘದಿಂದ ಸಾಲ ಯಾಕೆ ಕೊಡಬಾರದು ಎಂದು ಕೇಳಿದ್ದರು. ಆಡಳಿತ ಮಂಡಳಿಯಲ್ಲಿ ಬೇಡ ಎಂದವರು ನಾವೇ. ತಾನು ಹಾಕ್ಕೊಂಡು ಬೇರೆಯವರಿಗೆ ಬೇಡ ಅಂತಾರಲ್ಲ ಎಂದು ಆಮೇಲೆ ಮಾತು ಬಂತು. ಅದಕ್ಕೆ ಉತ್ತರ ಕೊಡಬೇಕಾದ್ದು ನ್ಯಾಯ.

ಎಲೆಚುಕ್ಕೆ ರೋಗ ನಮ್ಮ ತೋಟಗಳಿಗೆ ಹೊಕ್ಕ ಮೇಲೆ ನಮ್ಮೆಲ್ಲರ ಮನಸ್ಸು ಹೇಗಾಯಿತು ಎಂದು ಇಲ್ಲಿ ಕೂತವರಿಗೆ ವಿವರಿಸಬೇಕಾಗಿಲ್ಲ. ಸೋಗೆ ಒಣಗುತ್ತಾ ಬಂತು, ಕೊನೆ ಸಣ್ಣದಾಯಿತು. ಏನಾದರೂ ಬೇರೆ ಬೆಳೆ ಬೇಕಲ್ಲ ಎಂದು ಎಲ್ಲರೂ ಹುಡುಕುವ ಹೊತ್ತಿನಲ್ಲಿ 2022ರಲ್ಲಿ ನಮ್ಮ ಮನೆ ಬಾಗಿಲಿಗೆ ಗಿಡ ಮಾರುವವರು ಬಂದರು. ಹಿಮಾಚಲದ ರೈತರೊಬ್ಬರು ಸೆಖೆಯ ಊರಿನಲ್ಲಿ ಸೇಬು ಬೆಳೆದಿದ್ದಾರೆ, ಅದೂ 1800 ಅಡಿ ಎತ್ತರದಲ್ಲಿ, ನಿಮ್ಮೂರೂ ಹೆಚ್ಚುಕಡಿಮೆ ಅಷ್ಟೇ ಎತ್ತರ, ನಿಮ್ಮಲ್ಲಿ ಯಾಕೆ ಬರಲ್ಲ ಎಂದು ಕೇಳಿದರು. ಮಾತು ಸರಿ ಅನ್ನಿಸಿತು. ಬಿಸಿಲು ಬೇಕೆಂದು ತೋಟದ ಅಂಚಿನ ಅರವತ್ತು ಅಡಿಕೆ ಮರ ಕಡಿಸಿ, ನಲವತ್ತು ಗಿಡ ಇಟ್ಟೆವು. ಫಲ ಕೊಡುವ ಮರಕ್ಕೆ ಕೊಡಲಿ ಹಾಕುತ್ತೀರಲ್ಲಾ ಎಂದು ನಮ್ಮ ಅಮ್ಮ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಗಿಡ ಮಾರುವವರು ಹೇಳಿದ್ದು ಸುಳ್ಳಲ್ಲ. ಬಿಲಾಸ್‌ಪುರ ಜಿಲ್ಲೆಯ ಪನಿಯಾಲಾ ಗ್ರಾಮದ ಹರಿಮನ್ ಶರ್ಮಾ ಎಂಬವರು ಬಿಸಾಡಿದ ಸೇಬಿನ ಬೀಜದಿಂದ ಎದ್ದ ಗಿಡವನ್ನು ಕಸಿ ಮಾಡಿ ಬೆಳೆಸಿದ ತಳಿ ಅದು, ಎಚ್‌ಆರ್‌ಎಂಎನ್-99 ಎಂದು ಹೆಸರು. ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಮ್ಮ ಹಾಗೇ ಒಬ್ಬ ರೈತ, ನಮಗೂ ಹೆಮ್ಮೆಯೇ. ಆದರೆ ನಾವು ಕೇಳದೇ ಬಿಟ್ಟ ಪ್ರಶ್ನೆ ಒಂದಿತ್ತು. ಎತ್ತರ ಒಂದೇ ಸರಿ, ಚಳಿ ಒಂದೇನಾ?

ಸೇಬಿನ ಮೊಗ್ಗು ಚಳಿಗಾಲದಲ್ಲಿ ನಿದ್ದೆ ಮಾಡುತ್ತದೆ. ಏಳು ಡಿಗ್ರಿಗಿಂತ ಕಡಿಮೆ ಚಳಿ ಇಷ್ಟು ಗಂಟೆ ಸಿಕ್ಕಿತು ಎಂದು ಲೆಕ್ಕ ತುಂಬಿದ ಮೇಲೆಯೇ ಅದು ಸರಿಯಾಗಿ ಏಳುವುದು. 1916ರಲ್ಲಿ ಸ್ಟೋಕ್ಸ್ ಸಾಹೇಬರು ಸಿಮ್ಲಾ ಕಡೆಯ ಕೋಟ್‌ಗಢದಲ್ಲಿ ಹಾಕಿದ ಕೆಂಪು ಸೇಬಿನ ಜಾತಿಗೆ ಸಾವಿರ ಗಂಟೆಯ ಹತ್ತಿರ ಬೇಕು. ಇಸ್ರೇಲಿನ ಅನ್ನಾ ಎಂಬ ತಳಿಗೆ ಇನ್ನೂರು ಮುನ್ನೂರು ಗಂಟೆ ಸಾಕು. ನಮ್ಮ ಕೋಣಂದೂರಿನಲ್ಲಿ? ಡಿಸೆಂಬರಿನಲ್ಲಿ ಕಂಬಳಿ ಹೊದೆಯುತ್ತೇವೆ ನಿಜ, ಆದರೆ ಏಳು ಡಿಗ್ರಿ ನಾವಂತೂ ಕಂಡಿಲ್ಲ. ಬಿಲಾಸ್‌ಪುರ ನಮಗಿಂತ ಎಷ್ಟೋ ಉತ್ತರಕ್ಕಿದೆ. ಅಡಿಕೋಲು ಹಿಡಿದು ಎತ್ತರ ಅಳೆದೆವು, ಚಳಿ ಅಳೆಯಲಿಲ್ಲ.

ಎರಡನೆಯದು ಮಳೆ. ನಾವು ಗಿಡ ಇಟ್ಟದ್ದು ಜೂನ್ ತಿಂಗಳಲ್ಲಿ, ಅಡಿಕೆ ಸಸಿ ಇಟ್ಟ ಹಾಗೇ ಗುಂಡಿಯಲ್ಲಿ. ಆ ಮಳೆಗಾಲಕ್ಕೇ ಇಪ್ಪತ್ತೆರಡು ಗಿಡ ಹೋದವು. ಕಿತ್ತು ನೋಡಿದರೆ ಬುಡದ ತೊಗಟೆ ಕಂದಾಗಿ ಕೊಳೆತು, ಕೈಯಲ್ಲೇ ಸುಲಿದು ಬರುತ್ತಿತ್ತು. ಕೊಳೆರೋಗದ ರೋಗಾಣುವಿನ ಅಣ್ಣತಮ್ಮನೇ ಸೇಬಿನ ಬುಡವನ್ನೂ ಕೊಳೆಸುವುದು ಎಂದು ಆಮೇಲೆ ತಿಳಿಯಿತು. 1910ರ ಸುಮಾರಿಗೆ ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಕೊಳೆಗೆ ಬೋರ್ಡೋ ಹೊಡೆಯಿರಿ ಎಂದು ನಮ್ಮ ಹಿರಿಯರಿಗೆ ಹೇಳಿಕೊಟ್ಟರು. ನೂರು ವರ್ಷದಿಂದ ಮೈಲುತುತ್ತ ಕಲಸಿದ ಊರಿನವರು ನಾವು, ಅದೇ ವೈರಿಗೆ ಹೊಸ ಗಿಡ ತಂದು ಒಪ್ಪಿಸಿದೆವು! 2024ರ ಮಳೆಗೆ ಮತ್ತೆ ಒಂಬತ್ತು ಹೋದವು. ಉಳಿದ ಒಂಬತ್ತರಲ್ಲಿ ತೋಟದ ಆರು ಗಿಡ ಎಲೆ ಬಿಡುತ್ತವೆ, ಹೂ ಇಲ್ಲ.

ಇನ್ನು ಉಳಿದದ್ದು ಹಿತ್ತಲಿನ ಮೂರು ಗಿಡ. ಗುಂಡಿ ತೋಡಿದಲ್ಲಿ ಜಾಗ ಸಾಲದೇ ಮನೆ ಹಿಂದಿನ ದರೆಯ ಮೇಲೆ ಮಣ್ಣು ಏರಿಸಿ ಇಟ್ಟವು ಇವು. ನಮ್ಮ ಜಾಣತನದಿಂದಲ್ಲ. ನೀರು ನಿಲ್ಲಲಿಲ್ಲ, ಬಿಸಿಲು ಬಿತ್ತು, ಬದುಕಿದವು. ಅವಕ್ಕೂ ಹೂವು ಅಲ್ಲೊಂದು ಇಲ್ಲೊಂದು, ಕಾಯಿ ನಿಲ್ಲುತ್ತಿರಲಿಲ್ಲ.

ಇಂಡೋನೇಷ್ಯಾದ ಜಾವಾದಲ್ಲಿ ಬಾಟು ಎಂಬ ಊರಿದೆ. ಅಲ್ಲಿ ಚಳಿಗಾಲವೇ ಇಲ್ಲ, ಆದರೂ ಸೇಬು ಬೆಳೆಯುತ್ತಾರೆ, ವರ್ಷಕ್ಕೆ ಎರಡು ಬೆಳೆ. ಹಣ್ಣು ಕೊಯ್ದ ಮೇಲೆ ಎಲೆಯನ್ನೆಲ್ಲ ಕೈಯಲ್ಲೇ ಕೀಳುತ್ತಾರೆ. ಮೊಗ್ಗು ಗಾಢ ನಿದ್ದೆಗೆ ಜಾರುವ ಮೊದಲೇ ಎಬ್ಬಿಸುವ ಉಪಾಯ. ಅಲ್ಲಿಯ ಒಂದು ಮುಖ್ಯ ಜಾತಿ ರೋಮ್ ಬ್ಯೂಟಿ. ಹಿಂದೆ ನಮ್ಮ ಬೆಂಗಳೂರಿನ ಸುತ್ತ ಬೆಳೆಯುತ್ತಿದ್ದ ಸೇಬೂ ಅದೇ. ಇವೆರಡೂ ನಮಗಿಂತ ಎತ್ತರದ ಊರುಗಳು ಎಂಬುದನ್ನು ಮರೆಯಬೇಡಿ, ನಾವು ಒಮ್ಮೆ ಮರೆತು ಪಾಠ ಕಲಿತವರು. ಆದರೂ ಮೂರು ಗಿಡಕ್ಕೆ ಮಾಡಿ ನೋಡೋಣ ಎಂದು, 2024ರ ನವೆಂಬರಿನಲ್ಲಿ ನೀರು ನಿಲ್ಲಿಸಿ, ಡಿಸೆಂಬರಿನಲ್ಲಿ ಮನೆಯವಳೂ ಮಕ್ಕಳೂ ಸೇರಿ ಒಂದೊಂದೇ ಎಲೆ ಕಿತ್ತರು. ಕೊಂಬೆಯ ತುದಿ ಸ್ವಲ್ಪ ಕತ್ತರಿಸಿದೆವು. ನೆಟ್ಟಗೆ ಏಳುವ ಕೊಂಬೆಗಳನ್ನು ಬಾಳೆಪಟ್ಟೆಯಿಂದ ಕಟ್ಟಿ ಅಡ್ಡ ಬಾಗಿಸಿದೆವು, ಬಾಗಿದ ಕೊಂಬೆಗೆ ಹೂ ಜಾಸ್ತಿ. ಕತ್ತರಿಸಿದ ಗಾಯಕ್ಕೂ ಬುಡಕ್ಕೂ ಬೋರ್ಡೋ ಮುಲಾಮು, ಅಂದರೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರಿನ ಲೆಕ್ಕದಲ್ಲಿ. ಎರಡು ವಾರ ಬಿಟ್ಟು ಕೊಟ್ಟಿಗೆ ಗೊಬ್ಬರ, ಮೇಲೆ ದರಗು, ಮತ್ತೆ ನೀರು.

ಫೆಬ್ರವರಿಗೆ ಮೂರೂ ಗಿಡ ಬಿಳಿ ಬಿಳಿ ಹೂವಾದವು. ಅಮ್ಮ ಕೋಲೂರಿಕೊಂಡು ಹೋಗಿ ನೋಡಿ ಬಂದರು, ಏನೂ ಹೇಳಲಿಲ್ಲ. ಮೂರರಲ್ಲಿ ಒಂದು ಅನ್ನಾ ತಳಿ ಇದ್ದದ್ದು ಒಳ್ಳೆಯದಾಯಿತು. ಸೇಬಿಗೆ ತನ್ನ ಜಾತಿಯ ಪರಾಗ ಸಾಲದು, ಪಕ್ಕದಲ್ಲಿ ಇನ್ನೊಂದು ಜಾತಿ ಅದೇ ಹೊತ್ತಿಗೆ ಹೂ ಬಿಟ್ಟಿರಬೇಕು. ತುಡುವೆ ಜೇನಿನ ಪೆಟ್ಟಿಗೆ ಹಿತ್ತಲಲ್ಲೇ ಇತ್ತು. ಕಾಯಿ ಗೋಲಿ ಗಾತ್ರ ಆದಾಗ ಗೊಂಚಲಿಗೆ ಒಂದು ಎರಡು ಬಿಟ್ಟು ಉಳಿದದ್ದು ಕಿತ್ತೆವು. ಕೈ ಬರುವುದಿಲ್ಲ, ಆದರೂ ಕೀಳಬೇಕು.

ಆಮೇಲೆ ಮಂಗ. ಇದರ ಬಗ್ಗೆ ಭಾಷಣ ಬೇಡ, ಬಲೆ ಮುಚ್ಚಿದೆವು, ಆದರೂ ಅರ್ಧ ಅವಕ್ಕೇ ಹೋಯಿತು.

2025ರಲ್ಲಿ ಮಳೆ ಮೇ ತಿಂಗಳಲ್ಲೇ ಸುರಿಯಲು ಶುರುವಾಯಿತು. ಮೋಡ ನೋಡಿ ಹೆದರಿ ಅದಕ್ಕೆ ಮೊದಲೇ ಕೊಯ್ದೆವು. ಇಪ್ಪತ್ತಮೂರು ಹಣ್ಣು. ಪೇಟೆಯ ಸೇಬಿನಷ್ಟು ಕೆಂಪಿಲ್ಲ, ಒಂದು ಮಗ್ಗುಲು ಹಸಿರು. ಆದರೆ ಕಚ್ಚಿದರೆ ಕಟಕ್ ಎಂದಿತು. ರಸ ಗಲ್ಲಕ್ಕೆ ಇಳಿಯಿತು, ಸಿಹಿಯ ಜೊತೆ ಚೂರು ಹುಳಿ. ಹೊಸ ಹಣ್ಣಿನ ಕಣಗಳು ಹಲ್ಲಿಗೆ ಸಿಕ್ಕಿ ಒಡೆಯುತ್ತವೆ, ಅದೇ ಆ ಸದ್ದು. ತಿಂಗಳುಗಟ್ಟಲೆ ಇಟ್ಟು, ಸೆಖೆಗೆ ಸಿಕ್ಕ ಹಣ್ಣಿನಲ್ಲಿ ಕಣಗಳ ನಡುವಿನ ಅಂಟು ಬಿಟ್ಟಿರುತ್ತದೆ, ಒಡೆಯದೇ ಜಾರುತ್ತವೆ. ಅದಕ್ಕೇ ಬೇಯಿಸಿದ ಆಲೂಗೆಡ್ಡೆ ತಿಂದ ಹಾಗೆ ಹಿಟ್ಟು ಹಿಟ್ಟು. ನಮ್ಮ ಸೆಖೆಯಲ್ಲಿ ಈ ತಳಿಗಳೂ ಬೇಗ ಹಿಟ್ಟಾಗುತ್ತವೆ. ಪೂರ್ತಿ ಬಣ್ಣಕ್ಕೆ ಕಾಯದೇ ಕೊಯ್ದು, ತಂಪಿನಲ್ಲಿಟ್ಟು, ವಾರದೊಳಗೆ ತಿನ್ನಬೇಕು. ಮಾರಲು ಶಿವಮೊಗ್ಗಕ್ಕೆ ಹೊರುವ ಮಾಲು ಇದಲ್ಲ.

ಮಕ್ಕಳು ತಿಂದ ಹಣ್ಣಿನ ಬೀಜ ಹಾಕಿದರೆ ಆಗುತ್ತಾ ಎಂದು ಕೇಳುತ್ತಾರೆ. ಅಪ್ಪೆಮಿಡಿ ಓಟೆ ಹಾಕಿದರೆ ತಾಯಿಮರದ ಮಿಡಿಯೇ ಬರುತ್ತಾ? ಹಾಗೇ ಇದೂ. ಶರ್ಮಾ ಅವರಿಗೆ ಒಲಿದದ್ದು ಎಲ್ಲರಿಗೂ ಒಲಿಯುವುದಿಲ್ಲ, ಕಸಿಗಿಡವೇ ಆಗಬೇಕು.

ಸಾಲದ ವಿಷಯಕ್ಕೆ ಬರುತ್ತೇವೆ. ಅರವತ್ತು ಅಡಿಕೆ ಮರ ಕಡಿದದ್ದಕ್ಕೆ ಇಪ್ಪತ್ತಮೂರು ಸೇಬು, ಇದು ನಮ್ಮ ಜಮಾಖರ್ಚು. ನಮ್ಮದು ನಮಗಿರಲಿ. ಆದರೆ ನಿರ್ದೇಶಕರೇ ಹಾಕಿದ್ದಾರೆ ಎಂದು ನಮ್ಮನ್ನು ನೋಡಿ ಇನ್ನಿಬ್ಬರು ಸದಸ್ಯರು ತೋಟ ಕಡಿಸಿ ಗಿಡ ಇಟ್ಟರು. ಅವರದ್ದೂ ಹೋಯಿತು. ಅವರು ಇಲ್ಲೇ ಕೂತಿದ್ದಾರೆ, ಒಂದು ದಿನವೂ ನಮ್ಮನ್ನು ಅಂದವರಲ್ಲ. ಅವರ ಕ್ಷಮೆಯನ್ನು ಈ ಸಭೆಯಲ್ಲಿ ಕೇಳುತ್ತೇವೆ. ಸಂಘದ ದುಡ್ಡು ಅಂದರೆ ನಿಮ್ಮ ಷೇರು, ನಿಮ್ಮ ಠೇವಣಿ. ಅದನ್ನು ಈ ಬೆಳೆಗೆ ಕೊಡಲು ನಾವು ಕೈ ಎತ್ತುವುದಿಲ್ಲ. ದರೆಯ ಮೇಲೆ ಬಿಸಿಲಿನ ಜಾಗ ಇರುವವರು ಎರಡು ಮೂರು ಗಿಡ, ಎರಡು ಜಾತಿಯವು, ಮಳೆ ಕಳೆದ ಮೇಲೆ ಏರು ಮಾಡಿ ಹಾಕಿಕೊಳ್ಳಿ. ಅದಕ್ಕೆ ಸಾಲ ಯಾಕೆ?

ನಮ್ಮಲ್ಲಿ ಎಲೆ ಕೀಳುವುದು ಡಿಸೆಂಬರ್ ಎರಡನೇ ವಾರ. ನೋಡಬೇಕು ಅನ್ನುವವರು ಬೆಳಗ್ಗೆಯೇ ಬನ್ನಿ, ಮಧ್ಯಾಹ್ನದ ಊಟ ನಮ್ಮಲ್ಲೇ.